ಅಪ್ಪನ ಕಪಾಟಿನ ಪ್ರೋನೋಟಿಗೆ ಬೆಲೆ ಎಷ್ಟು?

2024ರ ಚುನಾವಣೆ ವೇಳೆ ಸ್ಯಾಮ್ ಪಿತ್ರೋಡಾ ಅಮೆರಿಕದ ಉತ್ತರಾಧಿಕಾರ ತೆರಿಗೆಯ ಮಾತೆತ್ತಿದ ಮೇಲೆ ನಮ್ಮ ವ್ಯಾಪಾರಸ್ಥ ಶ್ರಾವಕರಲ್ಲಿ ಒಂದು ಅಳುಕು ಉಳಿದಿದೆ. ಭಾರತದಲ್ಲಿ ಈಗ ಅಂಥ ತೆರಿಗೆ ಇಲ್ಲ. 1953ರ ಎಸ್ಟೇಟ್ ಡ್ಯೂಟಿ, ಒಂದು ಕಾಲಕ್ಕೆ ಶೇ. 85ರವರೆಗೂ ಏರಿದ್ದದ್ದು, 1985ರ ಮಾರ್ಚ್ 16ರಿಂದ ನಿಂತುಹೋಯಿತು.

ಆದರೆ ಆ ಕಾಯ್ದೆಯ 36ನೇ ಕಲಮಿನ ಅಳತೆ ಇಂದಿಗೂ ಉಪಯುಕ್ತ: ಆಸ್ತಿಯ ಬೆಲೆ ಎಂದರೆ ಮರಣದ ದಿನ ಮುಕ್ತ ಮಾರುಕಟ್ಟೆಯಲ್ಲಿ ಮಾರಿದರೆ ಸಿಗುವ ಹಣ. ಕೋಗಳಿ, ಕೊಟ್ಟೂರು, ಹರಪನಹಳ್ಳಿ ಕಡೆ ಬೆಳೆ ಬಂದಾಗ ತೀರಿಸುವ ಮಾತಿನ ಮೇಲೆ ಕೊಟ್ಟ ಸಾಲಕ್ಕೆ ಈ ಅಳತೆ ಹಿಡಿದು ನೋಡಿ. ಐದು ಲಕ್ಷ ಎಂದು ಬರೆದಿದ್ದರೂ ಸಾಲಗಾರನ ಕೈ ಖಾಲಿಯಾಗಿದ್ದರೆ ಆ ಕಾಗದವನ್ನು ಯಾರು ಐದು ಲಕ್ಷಕ್ಕೆ ಕೊಳ್ಳುತ್ತಾರೆ?

ದಿನಾಂಕವಂತೂ ಇನ್ನೂ ಮುಖ್ಯ. ಕೇಳಿದಾಗ ಕೊಡುವ ಷರತ್ತಿನ ನೋಟಿಗೆ ಬರೆದ ದಿನದಿಂದ 3 ವರ್ಷವಷ್ಟೇ ವಾಯಿದೆ. ಅದರೊಳಗೆ ಸಾಲಗಾರ ಸಹಿ ಮಾಡಿ ಸಾಲ ಒಪ್ಪಿದ್ದರೆ, ಅಥವಾ ಒಂದಿಷ್ಟು ಕಟ್ಟಿ ತನ್ನ ಸಹಿಯಲ್ಲಿ ನಮೂದಿಸಿದ್ದರೆ, ಎಣಿಕೆ ಹೊಸದಾಗಿ ಶುರು. ಇಲ್ಲವಾದರೆ ಕೋರ್ಟಿನಲ್ಲಿ ಅದು ಬರೀ ಕಾಗದ.

ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವಾಗ ಒಬ್ಬರಿಗೆ ಹೊಲ, ಇನ್ನೊಬ್ಬರಿಗೆ ನೋಟು ಎಂದು ಸಮ ಮಾಡುವುದು ಇಲ್ಲೇ ಎಡವುತ್ತದೆ. ನೋಟು ಪಡೆದವರು ದಾವೆ ಹೂಡಿ ಡಿಕ್ರಿ ಪಡೆಯಲು ಸಾಮಾನ್ಯವಾಗಿ ಉತ್ತರಾಧಿಕಾರ ಪ್ರಮಾಣಪತ್ರ ತರಬೇಕು, ಅದಕ್ಕೆ ಸಾಲದ ಮೊತ್ತ ನೋಡಿ ಶುಲ್ಕ ಕಟ್ಟಬೇಕು. ವಸೂಲಾದ ಬಡ್ಡಿಗೆ ಆದಾಯ ತೆರಿಗೆ ಬೇರೆ. ಆದ್ದರಿಂದ ಪಾಲುಪಟ್ಟಿ ಬರೆಯುವ ಮುನ್ನ ನೋಟಿನ ಹಿಂಬದಿ ತಿರುಗಿಸಿ, ಕೊನೆಯ ಸಹಿ ಯಾವ ವರ್ಷದ್ದೆಂದು ನೋಡಿ.