ಒಂದು ಆಸನ, ಇಬ್ಬರು ಪ್ರವಾಸಿಗರು

ಅಮೆರಿಕದ ಮಿನೆಸೋಟ ರಾಜ್ಯದ ಅಬಿಗೇಲ್ ಮತ್ತು ಬ್ರಿಟನಿ ಹೆನ್ಸೆಲ್ ಎಂಬ ಸೋದರಿಯರು 2012ರಲ್ಲಿ ಕಾಲೇಜಿನ ಪದವಿ ಪಡೆದರು. ಆ ದೇಶದ ತರುಣ ತರುಣಿಯರಲ್ಲಿ ಅನೇಕರು ಆ ವಯಸ್ಸಿನಲ್ಲಿ ಮಾಡುವುದನ್ನೇ ಅವರೂ ಮಾಡಿದರು; ಸ್ನೇಹಿತರೊಡನೆ ಯೂರೋಪಿನ ಪ್ರವಾಸಕ್ಕೆ ಹೊರಟರು. ಇದರಲ್ಲಿ ವಿಶೇಷವಾದುದು ಏನೂ ಇಲ್ಲ. ಆದರೆ ಈ ಸೋದರಿಯರು ಸಂಯುಕ್ತ ಅವಳಿಗಳು. ಅವರಿಗೆ ತಲೆ ಎರಡು, ಹೃದಯ ಎರಡು, ಜಠರ ಎರಡು, ಬೆನ್ನೆಲುಬು ಎರಡು. ಸೊಂಟದಿಂದ ಕೆಳಗೆ ಒಡಲು ಒಂದೇ. ತೋಳುಗಳು ಎರಡೇ, ಕಾಲುಗಳೂ ಎರಡೇ. ಬಲಗೈ ಬಲಗಾಲುಗಳು ಅಬಿಗೇಲರ ಅಧೀನ, ಎಡಗೈ ಎಡಗಾಲುಗಳು ಬ್ರಿಟನಿಯವರ ಅಧೀನ.

ಇಂಥ ಪ್ರವಾಸಿಗರು ವಿಮಾನ ನಿಲ್ದಾಣಕ್ಕೆ ಬಂದರೆ ಅಲ್ಲಿನ ಗುಮಾಸ್ತನು ಒಬ್ಬರೆಂದು ಬರೆದುಕೊಳ್ಳಬೇಕೆ, ಇಬ್ಬರೆಂದು ಬರೆದುಕೊಳ್ಳಬೇಕೆ? ಪ್ರಶ್ನೆ ಬಾಲಿಶವೆಂದು ಕೆಲವರಿಗೆ ತೋರೀತು. ಭೌತಶಾಸ್ತ್ರವನ್ನು ಬೋಧಿಸುವ ನನಗೆ ಹಾಗೆ ತೋರುವುದಿಲ್ಲ. ಎಣಿಸುವುದಕ್ಕೆ ಮೊದಲು ಏನನ್ನು ಎಣಿಸುತ್ತಿದ್ದೇವೆ ಎಂಬುದನ್ನು ಗೊತ್ತುಮಾಡಿಕೊಳ್ಳಬೇಕೆಂಬುದು ನಮ್ಮ ಶಾಸ್ತ್ರದ ಮೊದಲ ಪಾಠ. ವಿಮಾನದ ಭಾರವನ್ನು ಲೆಕ್ಕ ಹಾಕುವವನಿಗೆ ಇಲ್ಲಿರುವುದು ಒಂದು ದೇಹ. ಆಸನ ಒಂದು, ಸೊಂಟಕ್ಕೆ ಬಿಗಿಯುವ ಪಟ್ಟಿಯೂ ಒಂದು. ಎತ್ತರದಲ್ಲಿ ವಾಯುವಿನ ಒತ್ತಡ ಕುಸಿದು ಆಮ್ಲಜನಕದ ಮುಖವಾಡಗಳು ಮೇಲಿನಿಂದ ಇಳಿಬಿದ್ದಾಗ ಲೆಕ್ಕ ಬದಲಾಗುತ್ತದೆ. ಆಗ ಎರಡು ಮುಖವಾಡಗಳು ಬೇಕು. (ಪ್ರಯಾಣಿಕರ ವಿಮಾನಗಳಲ್ಲಿ ಆಸನಗಳಿಗಿಂತ ಮುಖವಾಡಗಳು ಹೆಚ್ಚಿರುತ್ತವೆ. ಮಡಿಲಲ್ಲಿ ಮಗುವನ್ನು ಕೂರಿಸಿಕೊಂಡವರಿಗೂ ಅದರಿಂದ ಅನುಕೂಲ.) ಗಡಿಯಲ್ಲಿ ಹೆಸರನ್ನೂ ಮುಖವನ್ನೂ ಹೋಲಿಸಿ ನೋಡುವ ಅಧಿಕಾರಿಗೆ ಇಬ್ಬರು. ಜೊತೆಗೆ ಬಂದ ಸ್ನೇಹಿತರಿಗಂತೂ ಇಬ್ಬರೇ. ಏಕೆಂದರೆ ಅಬಿಗೇಲರ ಆಸಕ್ತಿ ಗಣಿತ ಮತ್ತು ವಿಜ್ಞಾನಗಳಲ್ಲಿ, ಬ್ರಿಟನಿಯವರ ಆಸಕ್ತಿ ಕಲೆಯಲ್ಲಿ. ಎತ್ತರದ ಸ್ಥಳವೆಂದರೆ ಬ್ರಿಟನಿಯವರಿಗೆ ಭಯ. ಅಬಿಗೇಲರಿಗೆ ಆ ಭಯವಿಲ್ಲ. ಯಾವುದಾದರೊಂದು ಹಳೆಯ ಗೋಪುರದ ಬುಡದಲ್ಲಿ ಇವರು ನಿಂತಿರುವರೆಂದು ಊಹಿಸಿಕೊಳ್ಳಿ. ಒಬ್ಬರ ಇಚ್ಛೆಯಿಂದ ಒಂದು ಕಾಲು ಮಾತ್ರ ಮೆಟ್ಟಿಲಿನ ಮೇಲೆ ಹೋದೀತು. ಇನ್ನೊಂದು ಕಾಲಿಗೆ ಇನ್ನೊಬ್ಬರ ಒಪ್ಪಿಗೆ ಬೇಕು.

ನಡೆಯುವುದೇ ಇಲ್ಲಿ ಒಂದು ಒಪ್ಪಂದ. ಶಾಲೆಯ ಕ್ರೀಡಾದಿನದಂದು ಮೂರು ಕಾಲಿನ ಓಟದಲ್ಲಿ ಓಡಿದವರಿಗೆಲ್ಲ ಇದರ ಕಷ್ಟ ಗೊತ್ತು. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಜೋಡಿ ಮುಗ್ಗರಿಸುತ್ತದೆ. ಹೆನ್ಸೆಲ್ ಸೋದರಿಯರಾದರೋ ಓಡುತ್ತಾರೆ, ಈಜುತ್ತಾರೆ, ವಾಲಿಬಾಲ್ ಆಡುತ್ತಾರೆ. ಕಾರನ್ನೂ ನಡೆಸುತ್ತಾರೆ, ಅದಕ್ಕಾಗಿ ಇಬ್ಬರೂ ಪರೀಕ್ಷೆಗೆ ಕುಳಿತು ಎರಡು ಪರವಾನಗಿಗಳನ್ನು ಪಡೆದಿದ್ದಾರೆ. ಇದನ್ನು ಯೋಚಿಸುವಾಗ ನನಗೆ ಹೈಗನ್ಸನ ಗಡಿಯಾರಗಳು ನೆನಪಾಗುತ್ತವೆ. 1665ರಲ್ಲಿ ಆ ಡಚ್ ವಿಜ್ಞಾನಿ ಅಸ್ವಸ್ಥನಾಗಿ ಕೋಣೆಯಲ್ಲಿದ್ದಾಗ, ಒಂದೇ ಆಧಾರಕ್ಕೆ ತೂಗುಹಾಕಿದ್ದ ಎರಡು ಗಡಿಯಾರಗಳ ಲೋಲಕಗಳು ತಾವಾಗಿಯೇ ಹೊಂದಿಕೊಂಡು, ಒಂದು ಎಡಕ್ಕೆ ಹೋದಾಗ ಮತ್ತೊಂದು ಬಲಕ್ಕೆ ಹೋಗುವುದನ್ನು ಕಂಡನು. ಆಧಾರದ ಮೂಲಕ ಒಂದರ ಅತಿ ಸೂಕ್ಷ್ಮ ಚಲನೆ ಇನ್ನೊಂದಕ್ಕೆ ತಲಪುತ್ತಿತ್ತು. ನಡಿಗೆಯಲ್ಲಿ ಎಡಗಾಲು ಬಲಗಾಲುಗಳ ಗತಿಯೂ ಹೀಗೆಯೇ ಪರಸ್ಪರ ವಿರುದ್ಧ. ಒಂದೇ ಸೊಂಟಕ್ಕೆ ಸೇರಿದ ಕಾಲುಗಳಾದುದರಿಂದ ಒಬ್ಬರ ಹೆಜ್ಜೆಯ ಸುದ್ದಿ ಇನ್ನೊಬ್ಬರಿಗೆ ಆ ಕ್ಷಣವೇ ತಲಪುತ್ತದೆ. ಆದರೆ ಉಪಮಾನವು ಇಲ್ಲಿಗೇ ನಿಲ್ಲುತ್ತದೆ. ಲೋಲಕಕ್ಕೆ ಗೋಪುರದ ಭಯವಿಲ್ಲ, ಬೇಡವೆನ್ನುವ ಶಕ್ತಿಯೂ ಇಲ್ಲ. ಎರಡು ಮಿದುಳುಗಳು ಬಾಲ್ಯದಿಂದ ಕಲಿತು ಒಂದು ನಡಿಗೆಯನ್ನು ಸಾಧಿಸಿರುವುದು ಯಂತ್ರಶಾಸ್ತ್ರದ ಸೂತ್ರಕ್ಕೆ ಪೂರ್ತಿ ಸಿಕ್ಕುವ ಸಂಗತಿಯಲ್ಲ.

ಇಂಥ ಅವಳಿಗಳು ಹೇಗೆ ಹುಟ್ಟುತ್ತಾರೆಂಬುದನ್ನು ಸಂಕ್ಷೇಪವಾಗಿ ಹೇಳಬಹುದು. ಫಲಿತಗೊಂಡ ಒಂದೇ ಅಂಡದಿಂದಾದ ಭ್ರೂಣವು ಆರಂಭದ ದಿನಗಳಲ್ಲಿ ಪೂರ್ತಿ ಒಡೆದರೆ ಏಕರೂಪದ ಅವಳಿಗಳಾಗುತ್ತವೆ. ಒಡೆಯುವಿಕೆ ಸುಮಾರು ಹದಿಮೂರನೆಯ ದಿನವನ್ನು ದಾಟಿ ಅಪೂರ್ಣವಾಗಿ ಉಳಿದರೆ ಅಂಟಿಕೊಂಡ ಅವಳಿಗಳಾಗುತ್ತವೆಂದು ಒಂದು ವಾದ. ಬೇರೆಯಾದ ಭ್ರೂಣಗಳೇ ಮತ್ತೆ ಬೆಸೆದುಕೊಳ್ಳುತ್ತವೆಂದು ಇನ್ನೊಂದು. ಗರ್ಭಿಣಿಯು ಏನನ್ನು ಕಂಡಳು, ಯಾವ ಗ್ರಹಣದಲ್ಲಿ ಹೊರಗೆ ಬಂದಳು ಎಂಬುದಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ಈ ಕೊನೆಯ ಮಾತಿಗೆ ಕಾರಣವಿದೆ. ಸಯಾಮಿ ಅವಳಿಗಳೆಂಬ ಹೆಸರು ಹುಟ್ಟಿದುದು ಇಂದಿನ ಥಾಯ್ಲೆಂಡಿನಲ್ಲಿ, ಅಂದರೆ ಅಂದಿನ ಸಯಾಂ ದೇಶದಲ್ಲಿ, 1811ರಲ್ಲಿ ಜನಿಸಿದ ಚಾಂಗ್ ಮತ್ತು ಎಂಗ್ ಸೋದರರಿಂದ. ಎದೆಯ ಕೆಳಭಾಗದಲ್ಲಿ ಕೆಲವು ಅಂಗುಲ ಉದ್ದದ ಮಾಂಸದ ಪಟ್ಟಿಯೊಂದು ಅವರನ್ನು ಸೇರಿಸಿತ್ತು. 1829ರಲ್ಲಿ ಒಬ್ಬ ವರ್ತಕನೂ ಒಬ್ಬ ಹಡಗಿನ ಕಪ್ತಾನನೂ ಅವರನ್ನು ಕರಾರು ಮಾಡಿಸಿಕೊಂಡು ಬಾಸ್ಟನ್ನಿಗೆ ಕರೆದೊಯ್ದರು. ವಿದೇಶವನ್ನು ಅವರು ನೋಡಿದುದಕ್ಕಿಂತ ವಿದೇಶವು ಅವರನ್ನು ನೋಡಿದುದೇ ಹೆಚ್ಚು. ಅದೂ ಕಾಸು ಕೊಟ್ಟು. 1831ರಲ್ಲಿ ಫ್ರಾನ್ಸ್ ಸರಕಾರವು ಅವರಿಗೆ ಪ್ರವೇಶವನ್ನೇ ನಿರಾಕರಿಸಿತು. ಅವರನ್ನು ಕಂಡ ಗರ್ಭಿಣಿಯರಿಗೆ ಅಂಥವೇ ಮಕ್ಕಳು ಹುಟ್ಟಿಯಾವೆಂಬ ಅಂಜಿಕೆ ಅದಕ್ಕೆ ಕಾರಣ! ಅಂದಿನ ಫ್ರಾನ್ಸ್ ವಿಜ್ಞಾನದಲ್ಲಿ ಹಿಂದುಳಿದಿದ್ದ ದೇಶವೇನೂ ಅಲ್ಲ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಗಮನಿಸಬೇಕು. ಇಪ್ಪತ್ತೊಂದು ವರ್ಷ ತುಂಬಿದ ಮೇಲೆ, 1832ರಲ್ಲಿ, ಸೋದರರು ಕಪ್ತಾನನ ಹಂಗನ್ನು ಹರಿದುಕೊಂಡು ತಮ್ಮ ಪ್ರದರ್ಶನವನ್ನು ತಾವೇ ನಡೆಸಿದರು. ಕೆಲವು ವರ್ಷಗಳ ತರುವಾಯ ಪ್ಯಾರಿಸನ್ನೂ ಕಂಡರು.

ಒಡಿಶಾದಲ್ಲಿ ಹುಟ್ಟಿದ ರಾಧಿಕಾ ಮತ್ತು ದೂಧಿಕಾ ಎಂಬ ಹುಡುಗಿಯರಿಗೆ ಇಷ್ಟು ಅದೃಷ್ಟವೂ ಇರಲಿಲ್ಲ. ಅವರನ್ನು ಎಳೆಯ ವಯಸ್ಸಿನಲ್ಲಿಯೇ ಯೂರೋಪಿಗೆ ಕೊಂಡೊಯ್ದು ಪ್ರದರ್ಶಿಸಲಾಯಿತು. ಒಬ್ಬಳಿಗೆ ಕ್ಷಯರೋಗ ತಗುಲಿದಾಗ, 1902ರಲ್ಲಿ, ಪ್ಯಾರಿಸಿನ ಡಾಕ್ಟರ್ ದ್ವಾಯೆನ್ ಶಸ್ತ್ರಚಿಕಿತ್ಸೆಯಿಂದ ಅವರನ್ನು ಬೇರ್ಪಡಿಸಿದನು. ಅದನ್ನು ಚಲನಚಿತ್ರವಾಗಿ ತೆಗೆಸಿದನು. ದೂಧಿಕಾ ಕೆಲವೇ ದಿನಗಳಲ್ಲಿ, ರಾಧಿಕಾ ಮರುವರ್ಷ ತೀರಿಕೊಂಡರು. ದ್ವಾಯೆನ್ನನ ಚಿತ್ರಗಳ ಪ್ರತಿಗಳನ್ನು ಛಾಯಾಗ್ರಾಹಕನು ಮಾರಿಕೊಂಡುದರಿಂದ ಅವು ಜಾತ್ರೆಯ ಡೇರೆಗಳನ್ನೂ ಸೇರಿದುವು. ವೈದ್ಯನು ನ್ಯಾಯಾಲಯಕ್ಕೆ ಹೋಗಿ 1905ರಲ್ಲಿ ಗೆದ್ದನು. ಗೆದ್ದುದು ವೈದ್ಯನ ಹಕ್ಕು.

ಸೇರಿಕೊಂಡೇ ಬಾಳುವುದು ಎಲ್ಲರಿಗೂ ಹಿತವೆಂದು ಇಲ್ಲಿ ಹೇಳುತ್ತಿಲ್ಲ. ತಲೆಗಳು ಅಂಟಿಕೊಂಡಿದ್ದ ಇರಾನಿನ ಲಾದನ್ ಮತ್ತು ಲಾಲೆ ಬಿಜಾನಿಯವರು ಬೇರೆ ಬೇರೆ ವೃತ್ತಿಗಳನ್ನು ಬಯಸಿ, ಅಪಾಯವನ್ನು ಅರಿತೇ, ಸಿಂಗಪುರಕ್ಕೆ ಹೋದರು. 2003ರ ಜುಲೈನಲ್ಲಿ ಆ ಶಸ್ತ್ರಚಿಕಿತ್ಸೆಯಲ್ಲಿ ಇಬ್ಬರೂ ಮಡಿದರು. ಆ ಪ್ರಯಾಣವನ್ನು ಆರಿಸಿಕೊಂಡವರು ಅವರು; ಅದನ್ನು ಗೌರವಿಸಬೇಕಾದವರು ನಾವು.

ಈಗ ಹೆನ್ಸೆಲ್ ಸೋದರಿಯರ ಪ್ರವಾಸಕ್ಕೆ ಮರಳೋಣ. ಅಪರಿಚಿತರು ಹೇಳದೆ ಕೇಳದೆ ತಮ್ಮ ಛಾಯಾಚಿತ್ರ ತೆಗೆಯುವುದು ತಮಗೆ ಸರಿಬೀಳದೆಂದು ಅವರು ಹೇಳಿದ್ದುಂಟು. ಇದಕ್ಕೆ ಆಕ್ಷೇಪಿಸುವವರು, "ಅವರು ದೂರದರ್ಶನದ ಧಾರಾವಾಹಿಯಲ್ಲಿ ಕಾಣಿಸಿಕೊಂಡವರಲ್ಲವೆ? ಇನ್ನು ಸಂಕೋಚವೇಕೆ?" ಎನ್ನುತ್ತಾರೆ. ಈ ವಾದವನ್ನು ನಾನು ಒಪ್ಪಲಾರೆ. ಮನೆಗೆ ಊಟಕ್ಕೆ ಕರೆದವನು ಹಾದಿಹೋಕರೆಲ್ಲ ಅಡುಗೆಮನೆಗೆ ನುಗ್ಗಬಹುದೆಂದು ಹೇಳಿದಂತಾಗುವುದಿಲ್ಲ. ಏನನ್ನು, ಯಾರಿಗೆ, ಎಷ್ಟು ತೋರಿಸಬೇಕೆಂಬುದನ್ನು ಆ ಇಬ್ಬರೇ ನಿಶ್ಚಯಿಸಬೇಕು. "ನಮ್ಮದು ಕೇವಲ ವೈಜ್ಞಾನಿಕ ಕುತೂಹಲ" ಎಂಬ ಸಮಜಾಯಿಷಿಯೂ ನಿಲ್ಲದು. ದ್ವಾಯೆನ್ನನ ಚಿತ್ರವೂ ಶಾಸ್ತ್ರದ ಹೆಸರಿನಲ್ಲಿಯೇ ಹೊರಟು ಡೇರೆಯನ್ನು ಸೇರಿತು. ಇಂದು ಪ್ರತಿಯೊಬ್ಬ ವಿದ್ಯಾರ್ಥಿಯ ಜೇಬಿನಲ್ಲಿಯೂ ಒಂದು ಕ್ಯಾಮೆರಾ ಇದೆ. ಅಂಥ ಡೇರೆಗೆ ಈಗ ಜಾತ್ರೆಯೂ ಬೇಕಿಲ್ಲ. ವಿಜ್ಞಾನದ ಪತ್ರಿಕೆಗಳೂ ಇಂಥವರನ್ನು ಪ್ರಕೃತಿಯ ವೈಚಿತ್ರ್ಯವೆಂದು ಚಿತ್ರಸಮೇತ ಅಚ್ಚುಹಾಕುವ ಅಭ್ಯಾಸವನ್ನು ಬಿಡಬೇಕೆಂದು ನನ್ನ ಅಭಿಪ್ರಾಯ.

ಎಣಿಕೆಯ ಪ್ರಶ್ನೆಯನ್ನು ನಮ್ಮ ದೇಶದಲ್ಲಿ ಒಮ್ಮೆ ಬಹಳ ಚೆನ್ನಾಗಿ ಬಿಡಿಸಿದರು. ಪಂಜಾಬಿನ ಅಮೃತಸರದ ಸೋಹ್ನಾ ಮತ್ತು ಮೋಹ್ನಾ ಎಂಬ ಸಂಯುಕ್ತ ಅವಳಿಗಳು 2022ರ ವಿಧಾನಸಭಾ ಚುನಾವಣೆಯಲ್ಲಿ ಎರಡು ಮತಗಳನ್ನು ಚಲಾಯಿಸಿದರು. ಒಬ್ಬನ ಮತ ಇನ್ನೊಬ್ಬನಿಗೆ ಕಾಣದಂತೆ ಅಧಿಕಾರಿಗಳು ಅವರಿಗೆ ಕನ್ನಡಕಗಳನ್ನು ತೊಡಿಸಿದ್ದರು. ಆದರೆ ಅವರಿಗೆ ವಿದ್ಯುತ್ ನಿಗಮದಲ್ಲಿ ದೊರೆತ ಉದ್ಯೋಗ ಒಂದೇ, ಅದೂ ಸೋಹ್ನಾನ ಹೆಸರಿನಲ್ಲಿ. ಪ್ರವಾಸದಿಂದ ಮರಳಿ ಅಧ್ಯಾಪಕ ವೃತ್ತಿಗೆ ಸೇರಿದ ಹೆನ್ಸೆಲ್ ಸೋದರಿಯರಿಗೂ ಸಂಬಳ ಒಂದೇ. ಮಾಡುವ ಕೆಲಸ ಒಬ್ಬರದೆಂದು ಅವರು ಅದನ್ನು ಒಪ್ಪಿಕೊಂಡರಾದರೂ, ಪದವಿಗಳು ಎರಡಿವೆ, ಪಾಠ ಹೇಳುವ ಬಗೆಗಳೂ ಎರಡಿವೆ ಎಂದು ನೆನಪಿಸಿದ್ದಾರೆ. ಒಬ್ಬರು ಪಾಠ ಹೇಳುತ್ತಿರುವಾಗ ಇನ್ನೊಬ್ಬರು ತರಗತಿಯ ಮೇಲೆ ಕಣ್ಣಿಡಬಹುದು, ಸಂದೇಹಕ್ಕೆ ಉತ್ತರ ಕೊಡಬಹುದು. ತರಗತಿಯೆಂದರೇನೆಂದು ಬಲ್ಲ ನನಗೆ ಇದು ಒಬ್ಬರ ಕೆಲಸವೆಂದು ತೋರುವುದಿಲ್ಲ. ಎರಡು ಪೂರ್ತಿ ಸಂಬಳ ಹೆಚ್ಚಾದೀತೆನ್ನುವವರು ಒಂದೂವರೆಯಿಂದಲಾದರೂ ಚರ್ಚೆಯನ್ನು ಆರಂಭಿಸಲಿ.