ಚೀಲ ಕಂಪೆನಿಯದು, ಬೆವರು ನಮ್ಮದು

ಬಸವಾಪಟ್ಟಣದ ಸಂತೆಯಲ್ಲಿ ಸೊಪ್ಪು ಮಾರುವ ಹೆಂಗಸಿನ ಬುಟ್ಟಿಯ ಪಕ್ಕದಲ್ಲಿಯೂ ಇಂದು ಕಪ್ಪು ಬಿಳುಪು ಚೌಕಗಳ ಕ್ಯೂಆರ್ ಹಲಗೆ ನಿಂತಿರುತ್ತದೆ. ಗಿರಾಕಿ ಅದರ ಮುಂದೆ ಮೊಬೈಲು ಹಿಡಿಯುತ್ತಾನೆ. ಹಣ ಬಂತೆಂದು ಪಕ್ಕದ ಪೆಟ್ಟಿಗೆ ಕೂಗುತ್ತದೆ. ಚಿಲ್ಲರೆಯ ಜಗಳವಿಲ್ಲ, ಹರಿದ ನೋಟಿನ ತಕರಾರಿಲ್ಲ. ಅನುಕೂಲವೇನೋ ನಿಜ. ಆದರೆ ಆ ಹಣ ಬಂದದ್ದು ಎಲ್ಲಿಗೆ? ಈಗ ಅದು ಯಾರ ವಶದಲ್ಲಿದೆ? ನಾಳೆ ಅದನ್ನು ಕೊಡತಕ್ಕ ಹೊಣೆ ಯಾರದು? ಹಲಗೆಯನ್ನು ತಂದಿಟ್ಟು ಹೋದವರು ಈ ಮೂರು ಪ್ರಶ್ನೆಗಳಿಗೆ ಉತ್ತರ ಹೇಳಿ ಹೋಗುವುದು ಅಪರೂಪ.

ಒಂದೇ ಹಲಗೆಯ ಹಿಂದೆ ಎರಡು ಬಗೆಯ ವ್ಯವಹಾರಗಳಿವೆ ಎಂಬುದನ್ನು ಮೊದಲು ತಿಳಿಯಬೇಕು. 2016ರಲ್ಲಿ ಆರಂಭವಾದ ಯುಪಿಐ ಪದ್ಧತಿಯಲ್ಲಿ ಹಣ ಸಾಮಾನ್ಯವಾಗಿ ಒಬ್ಬನ ಬ್ಯಾಂಕು ಖಾತೆಯಿಂದ ಇನ್ನೊಬ್ಬನ ಬ್ಯಾಂಕು ಖಾತೆಗೆ ಹೋಗುತ್ತದೆ. ಎರಡನೆಯದು ಮುಂಗಡವಾಗಿ ಹಣ ತುಂಬಿಸಿ ಆಮೇಲೆ ಖರ್ಚು ಮಾಡುವ ಬಗೆ. ಮೊಬೈಲಿನ ವಾಲೆಟ್, ಉಡುಗೊರೆ ಕಾರ್ಡು, ಊಟದ ಕಾರ್ಡು, ಲಾರಿಯ ಗಾಜಿಗೆ ಅಂಟಿಸುವ ಫಾಸ್ಟ್ಯಾಗ್, ಇವೆಲ್ಲ ಈ ಜಾತಿಗೆ ಸೇರಿದವು. ಇಲ್ಲಿ ನಮ್ಮ ಹಣ ಮೊದಲು ಕಾರ್ಡು ಕೊಟ್ಟವರ ಕೈ ಸೇರುತ್ತದೆ. ನಮ್ಮ ಬಳಿ ಉಳಿಯುವುದು ಒಂದು ಲೆಕ್ಕದ ಅಂಕಿ ಮಾತ್ರ.

ಇಂಥ ಕಂಪೆನಿಗಳಿಗೆ ಕಾನೂನಿನ ಅಂಕುಶವೇ ಇಲ್ಲವೆಂದು ನಾವು ಹೇಳುವುದಿಲ್ಲ. 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯಿದೆಯಂತೆ ರಿಸರ್ವ್ ಬ್ಯಾಂಕಿನ ಅಪ್ಪಣೆಯಿಲ್ಲದೆ ಯಾರೂ ಈ ವ್ಯವಹಾರ ನಡೆಸುವಂತಿಲ್ಲ. 2021ರ ಆಗಸ್ಟಿನ ನಿರ್ದೇಶನದಲ್ಲಿ ರಿಸರ್ವ್ ಬ್ಯಾಂಕು ಕಟ್ಟುನಿಟ್ಟಾದ ಷರತ್ತುಗಳನ್ನು ವಿಧಿಸಿತು. ಬ್ಯಾಂಕಲ್ಲದ ಕಂಪೆನಿ ಅರ್ಜಿ ಹಾಕುವಾಗ 5 ಕೋಟಿ ರೂಪಾಯಿಗಳ ನಿವ್ವಳ ಆಸ್ತಿ ತೋರಿಸಬೇಕು. ಮೂರನೆಯ ಆರ್ಥಿಕ ವರ್ಷದ ಕೊನೆಗೆ ಅದು 15 ಕೋಟಿಗೆ ಮುಟ್ಟಬೇಕು. ಜನರ ಹಣವನ್ನು ತನ್ನ ಹಣದೊಡನೆ ಬೆರೆಸದೆ ಬ್ಯಾಂಕಿನಲ್ಲಿ ಬೇರೆ ಖಾತೆಯಲ್ಲಿಡಬೇಕು. ಅಲ್ಪ ವಿವರ ಕೊಟ್ಟವನ ವಾಲೆಟ್ಟಿನಲ್ಲಿ 10,000 ರೂಪಾಯಿ, ಪೂರ್ಣ ದಾಖಲೆ ಕೊಟ್ಟವನದರಲ್ಲಿ 2 ಲಕ್ಷ ರೂಪಾಯಿ ಮಿತಿ. ಇವು ಒಳ್ಳೆಯ ನಿಯಮಗಳೇ.

ಆದರೆ ಇದೇ ನಿರ್ದೇಶನದ ಇನ್ನೊಂದು ಮಗ್ಗುಲನ್ನೂ ನೋಡಿರಿ. ವಾಲೆಟ್ಟಿನಲ್ಲಿರುವ ಹಣಕ್ಕೆ ಗಿರಾಕಿಗೆ ಬಡ್ಡಿಯಿಲ್ಲ. ಅದೇ ಹಣ ಬ್ಯಾಂಕಿನಲ್ಲಿರುವಾಗ, ಅದರ ಒಂದು ಭಾಗಕ್ಕೆ ಷರತ್ತುಗಳ ಮೇಲೆ ಬಡ್ಡಿ ಪಡೆಯಲು ಕಂಪೆನಿಗೆ ಅವಕಾಶವುಂಟು. ನೂರು ಇನ್ನೂರು ತುಂಬಿಸಿದ ಲಕ್ಷಾಂತರ ಜನರ ಹಣ ಒಟ್ಟಾದಾಗ ಅದರ ಲಾಭ ಯಾರಿಗೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

1928ರಲ್ಲಿ ನಮ್ಮ ಕರಾವಳಿಯಲ್ಲಿ ಸಿಂಡಿಕೇಟಿನವರು ಪಿಗ್ಮಿ ಠೇವಣಿ ತೆರೆದಾಗ ಅದರ ಏಜೆಂಟನು ಮನೆ ಬಾಗಿಲಿಗೆ ಬಂದು ದಿನಕ್ಕೆ 2 ಆಣೆಯನ್ನೂ ಕಟ್ಟಿಸಿಕೊಳ್ಳುತ್ತಿದ್ದನು. ಆ 2 ಆಣೆಗೂ ಬಡ್ಡಿಯಿತ್ತು. ಇಂದಿಗೂ ನಮ್ಮ ಅಂಗಡಿ ಸಾಲಿನಲ್ಲಿ ಪಿಗ್ಮಿ ಕಟ್ಟುವವರಿದ್ದಾರೆ. ಬೀಡಿ ಅಂಗಡಿಯವನ 2 ಆಣೆಗೆ ಅಂದು ಇದ್ದ ಮರ್ಯಾದೆ ಇಂದಿನ ವಾಲೆಟ್ಟಿನ ಇನ್ನೂರು ರೂಪಾಯಿಗೆ ಏಕಿಲ್ಲ?

ಬಡ್ಡಿಗಿಂತ ದೊಡ್ಡದು ಭದ್ರತೆ. 1960ರಲ್ಲಿ ಕೇರಳದ ಪಾಲಾಯ್ ಸೆಂಟ್ರಲ್ ಬ್ಯಾಂಕು ಬಾಗಿಲು ಹಾಕಿ ಸಾವಿರಾರು ಸಣ್ಣ ಠೇವಣಿದಾರರು ಬೀದಿಯಲ್ಲಿ ನಿಂತ ಮೇಲೆ ಸರ್ಕಾರ ಎಚ್ಚೆತ್ತಿತು. 1962ರ ಜನವರಿ 1ರಿಂದ ಠೇವಣಿ ವಿಮೆ ಜಾರಿಗೆ ಬಂದಿತು. ಅಂದು 1,500 ರೂಪಾಯಿಯಿದ್ದ ಆ ರಕ್ಷಣೆ 2020ರಲ್ಲಿ 5 ಲಕ್ಷಕ್ಕೇರಿತು. ಆದರೆ ಬ್ಯಾಂಕಲ್ಲದ ಕಂಪೆನಿಯ ವಾಲೆಟ್ಟಿನಲ್ಲಿ ಹಣವಿಟ್ಟವನಿಗೆ ಈ ವಿಮೆಯಿಲ್ಲ. ಇನ್ನೊಂದು ಪಾಲಾಯ್ ಆಗುವವರೆಗೆ ಕಾಯಬೇಕೆ?

ಎಚ್ಚರಿಕೆಯ ಗಂಟೆ ಆಗಲೇ ಒಮ್ಮೆ ಬಾರಿಸಿದೆ. 2024ರ ಜನವರಿ 31ರಂದು ರಿಸರ್ವ್ ಬ್ಯಾಂಕು ಪೇಟಿಎಂ ಪೇಮೆಂಟ್ಸ್ ಬ್ಯಾಂಕಿಗೆ ಹೊಸ ಠೇವಣಿ ಪಡೆಯುವುದನ್ನೂ, ವಾಲೆಟ್ ಮತ್ತು ಫಾಸ್ಟ್ಯಾಗ್‌ಗಳಿಗೆ ಹಣ ತುಂಬಿಸುವುದನ್ನೂ ನಿಷೇಧಿಸಿತು. ಕೊಟ್ಟ ಗಡುವು ಫೆಬ್ರವರಿ 29. ಮುಂದೆ ಅದನ್ನು ಮಾರ್ಚ್ 15ಕ್ಕೆ ವಿಸ್ತರಿಸಲಾಯಿತು. ನಿಯಮಗಳನ್ನು ಪಾಲಿಸದೆ ಬಂದದ್ದೇ ಇದಕ್ಕೆ ಕಾರಣವೆಂದು ರಿಸರ್ವ್ ಬ್ಯಾಂಕು ಹೇಳಿತು. ಇದ್ದ ಹಣವನ್ನು ತೆಗೆಯಲು, ಬಳಸಲು ಅವಕಾಶ ಕೊಟ್ಟದ್ದು ಸರಿಯೇ. ಆದರೂ ತಪ್ಪು ಆದದ್ದು ಮೇಲೆ, ತಿರುಗಾಡಿದ್ದು ಕೆಳಗಿನವರು. ಆ ಬ್ಯಾಂಕಿನ ಖಾತೆಗೆ ಹಣ ಪಡೆಯುತ್ತಿದ್ದ ಅಂಗಡಿಯವನು ಬೇರೆ ಬ್ಯಾಂಕಿಗೆ ಓಡಬೇಕಾಯಿತು. ಲಾರಿಯವನು ಬೇರೆ ಚೀಟಿ ಅಂಟಿಸಿಕೊಳ್ಳಬೇಕಾಯಿತು.

ಮರು ವರ್ಷವೇ ಇನ್ನೊಂದು ಪಾಠವಾಯಿತು. 2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕಗಳನ್ನು ಆಧರಿಸಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟೀಸು ಕಳಿಸಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬನಿಗೆ ಬಂದ ನೋಟೀಸು 29 ಲಕ್ಷ ರೂಪಾಯಿಯದು. ತಾಜಾ ತರಕಾರಿಗೆ ತೆರಿಗೆಯೇ ಇಲ್ಲ! ಬೆಂಗಳೂರಿನ ಅಂಗಡಿಗಳ ಮುಂದೆ ಯುಪಿಐ ಬೇಡ, ನಗದೇ ಕೊಡಿ ಎಂಬ ಚೀಟಿಗಳು ತೂಗಿದವು. ಕೊನೆಗೆ ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳೊಡನೆ ಸಭೆ ನಡೆಸಿ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲವೆಂದು ಭರವಸೆ ಕೊಡಬೇಕಾಯಿತು. ತೆರಿಗೆ ತಪ್ಪಿಸುವವರ ಪರವಾಗಿ ನಾವು ವಾದಿಸುವುದಿಲ್ಲ. ಆದರೆ ಹಲಗೆ ಇಡಿರೆಂದು ಹುರಿದುಂಬಿಸುವಾಗ ಲೆಕ್ಕದ ನಿಯಮವನ್ನೂ ತಿಳಿಸಿ ಹೇಳುವುದು ಸರ್ಕಾರದ ಧರ್ಮವಲ್ಲವೆ?

ಕಾರ್ಮಿಕ ಬಂಧುಗಳು ವಿಶೇಷವಾಗಿ ಗಮನಿಸತಕ್ಕ ಸಂಗತಿ ಇನ್ನೊಂದಿದೆ. ತೋಟದ ಒಡೆಯರು ಕೂಲಿಗೆ ಬದಲು ತಮ್ಮದೇ ಬಿಲ್ಲೆ ಕೊಡುತ್ತಿದ್ದ ಕಾಲವೊಂದಿತ್ತು. 1936ರ ವೇತನ ಪಾವತಿ ಕಾಯಿದೆ ಕೂಲಿಯನ್ನು ಚಲಾವಣೆಯ ನಾಣ್ಯ ಇಲ್ಲವೆ ನೋಟಿನಲ್ಲಿಯೇ ಕೊಡಬೇಕೆಂದು ವಿಧಿಸಿತು. ಆ ಕಾಯಿದೆಯ ಸ್ಥಾನದಲ್ಲಿ 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆ ನಗದು, ಚೆಕ್ಕು, ಬ್ಯಾಂಕು ಖಾತೆಗಳ ಜೊತೆಗೆ ‘ವಿದ್ಯುನ್ಮಾನ ವಿಧಾನ’ ಎಂಬ ಮಾತನ್ನೂ ಸೇರಿಸಿದೆ. ಬ್ಯಾಂಕು ಖಾತೆಯನ್ನು ಬೇರೆಯಾಗಿ ಹೇಳಿದ ಮೇಲೆ ಈ ಮಾತಿನ ಅರ್ಥವೇನು? ನಾಳೆ ಮಾಲೀಕನು ಸಂಬಳವನ್ನು ಕಾರ್ಡಿಗೆ ತುಂಬಿದ್ದೇನೆ ಎಂದರೆ? ಬ್ಯಾಂಕಲ್ಲದ ಕಂಪೆನಿಯ ಪೂರ್ಣ ದಾಖಲೆಯ ವಾಲೆಟ್ಟಿನಿಂದ ತಿಂಗಳಿಗೆ 10,000ಕ್ಕಿಂತ ಹೆಚ್ಚು ನಗದು ತೆಗೆಯಲು 2021ರ ನಿರ್ದೇಶನ ಬಿಡಲಿಲ್ಲ. ಚಿಕ್ಕ ವಾಲೆಟ್ಟಿನಿಂದ ನಗದೇ ಇಲ್ಲ. ಬೆವರಿನ ಹಣಕ್ಕೆ ಬೇರೆಯವರ ಬೀಗ ಬೀಳಬಾರದು.

ಹಾಗೆಂದು ಹೊಸ ಪದ್ಧತಿಯನ್ನೇ ಕಿತ್ತೊಗೆಯಿರೆಂದು ನಾವು ಹೇಳುವುದಿಲ್ಲ. ರೈಲು ಬಂದಾಗ ಹಳಿ ಕೀಳುವುದು ಜಾಣತನವಲ್ಲ. ನಮ್ಮ ಬೇಡಿಕೆಗಳು ಇಷ್ಟೆ. ವಾಲೆಟ್ಟಿನ ಹಣಕ್ಕೂ ಠೇವಣಿಯಂತೆ ವಿಮೆಯಿರಲಿ. ಷರತ್ತುಗಳು ಓದಲು ಬರುವ ಕನ್ನಡದಲ್ಲಿರಲಿ. ಕೂಲಿ ನಗದಾಗಿ ಇಲ್ಲವೆ ಕಾರ್ಮಿಕನು ಆರಿಸಿಕೊಂಡ ಬ್ಯಾಂಕು ಖಾತೆಗೇ ಬರಬೇಕೆಂದು ನಿಯಮ ಸ್ಪಷ್ಟವಾಗಿ ಹೇಳಲಿ. ಸಣ್ಣ ಅಂಗಡಿಯ ಮೇಲೆ ಶುಲ್ಕ, ಪೆಟ್ಟಿಗೆ ಬಾಡಿಗೆಗಳ ಹೊರೆ ಬೀಳದಿರಲಿ.

ಓದುಗರ ಕರ್ತವ್ಯವೂ ಇದೆ. ದಿನದ ಖರ್ಚಿಗಿಂತ ಹೆಚ್ಚು ಹಣವನ್ನು ವಾಲೆಟ್ಟಿನಲ್ಲಿ ಬಿಡಬೇಡಿರಿ. ಗುಪ್ತ ಸಂಖ್ಯೆಯನ್ನು ಯಾರಿಗೂ ಹೇಳಬೇಡಿರಿ. ಮೋಸವಾದರೆ ಒಡನೆ 1930ಕ್ಕೆ ಫೋನು ಮಾಡಿ, ಕಂಪೆನಿಗೂ ತಿಳಿಸಿರಿ. ನಿಮ್ಮ ತಪ್ಪಿಲ್ಲದೆ ಹಣ ಹೋಗಿದ್ದು, ಮೂರು ದಿನದೊಳಗೆ ತಿಳಿಸಿದ್ದರೆ ನಷ್ಟ ನಿಮ್ಮದಲ್ಲವೆಂದು ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆ ಹೇಳಿದೆ. ದೂರಿಗೆ 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನರಿಗೆ ಬರೆಯಿರಿ, ಅದಕ್ಕೆ ಶುಲ್ಕವಿಲ್ಲ. ಬರೆಯಲು ಬಾರದ ನೆರೆಯವನಿಗೆ ಬರೆದುಕೊಡಿರಿ. ಸೊಪ್ಪಿನ ಬುಟ್ಟಿಯ ಮುಂದೆ ಕೂತ ತಾಯಿಯ ನೂರು ರೂಪಾಯಿ ಉಳಿದರೆ ಅದು ನಮ್ಮೆಲ್ಲರ ಗೆಲುವು.