ಕಾಡಿನವರ ಮಾತು ಮತ್ತು ನಮ್ಮ ಸೇವೆ

ಕಳೆದ ವರ್ಷ ನಮ್ಮ ಕಾಲೇಜಿನ ಚರ್ಚಾಕೂಟದಲ್ಲಿ "ವನ್ಯಮೃಗಗಳ ರಕ್ಷಣೆಗಾಗಿ ಗಿರಿಜನರನ್ನು ಕಾಡಿನಿಂದ ಹೊರತರುವುದು ಅವಶ್ಯಕ" ಎಂಬ ವಿಷಯದ ಪರವಾಗಿ ಮಾತನಾಡಿ ಮೊದಲನೆಯ ಬಹುಮಾನ ಪಡೆದವನು ನಾನೇ. ಹುಲಿ, ಆನೆ, ಮಳೆ, ನದಿ, ರಾಷ್ಟ್ರದ ಸಂಪತ್ತು ಎಲ್ಲವೂ ನನ್ನ ಭಾಷಣದಲ್ಲಿ ಬಂದುವು, ಕರತಾಡನಕ್ಕೂ ಕೊರತೆಯಾಗಲಿಲ್ಲ. ಸಭೆ ಮುಗಿದ ಮೇಲೆ ನನ್ನ ತರಗತಿಯ ಸೋಲಿಗ ಮಿತ್ರನೊಬ್ಬನು ಹತ್ತಿರ ಬಂದು, "ಚೆನ್ನಾಗಿ ಮಾತಾಡಿದೆ ಕಣೋ. ಒಂದ್ಸಲ ನಮ್ಮ ಪೋಡಿಗೆ ಬಾ" ಎಂದನಷ್ಟೆ. ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ಏನಾದರೂ ಉತ್ತರ ಕೊಡುತ್ತಿದ್ದೆ. ಈ ಲೇಖನವು ಆ ಭಾಷಣಕ್ಕೆ ನಾನೇ ಬರೆಯುತ್ತಿರುವ ಪ್ರತ್ಯುತ್ತರವೆಂದು ವಾಚಕರು ಭಾವಿಸಬಹುದು.

ದಸರಾ ರಜೆಯಲ್ಲಿ ಅವನೊಡನೆ ಬಿಳಿಗಿರಿರಂಗನ ಬೆಟ್ಟಕ್ಕೆ ಹೋದೆ. ಬೆಟ್ಟದ ರಂಗನಾಥನು ಸೋಲಿಗರಿಗೆ ಭಾವ. ಅವರ ಕುಲದ ಕುಸುಮಾಲೆಯ ಕೈಹಿಡಿದವನೆಂದು ಅವರ ಕಥೆ. ಮಿತ್ರನ ಅಜ್ಜ ನಮ್ಮನ್ನು ಕಾಡಿನಲ್ಲಿ ಸುತ್ತಾಡಿಸಿದರು. ಹತ್ತು ಹೆಜ್ಜೆಗೊಂದು ಹೆಸರು! ನನಗೆ ಬರಿಯ ಬಂಡೆಯಾಗಿ ಕಂಡದ್ದು ವೀರನ ಜಾಗ, ಬರಿಯ ಹಳ್ಳವಾಗಿ ಕಂಡದ್ದು ಅಬ್ಬಿ, ಬರಿಯ ಕಲ್ಲುರಾಶಿಯಾಗಿ ಕಂಡದ್ದು ಹಿರಿಯರ ಕಲ್ಲುಗುಡಿ. "ಈ ಕಾಡ್ನಲ್ಲಿ ಹೆಸರಿಲ್ಲದ ಜಾಗ ಎಲ್ಲದೆ ಕಂದಾ?" ಎಂದರು ಅಜ್ಜ. ಜೇನು ಕಿತ್ತಾಗ ಒಂದಿಷ್ಟನ್ನು ನೆಲದ ಮೇಲೆ ಹುಲಿಗೆಂದು ಬಿಟ್ಟು ಬರುವುದೂ ಅವರಲ್ಲಿ ವಾಡಿಕೆ. ಹುಲಿ ಮರ ಹತ್ತಿ ಜೇನು ಕೀಳಲಾರದಲ್ಲವೆ? ನಾನು ಯಾವ ಹುಲಿಯ ಹೆಸರಿನಲ್ಲಿ ಇವರನ್ನು ಹೊರಕ್ಕೆ ಕಳುಹಿಸಬೇಕೆಂದು ವಾದಿಸಿದ್ದೆನೋ ಆ ಹುಲಿಗೆ ಇವರು ಪಾಲು ಇಡುತ್ತಿದ್ದರು.

ಈಗ ಸ್ವಲ್ಪ ಚರಿತ್ರೆ. 1974ರಲ್ಲಿ ಈ ಬೆಟ್ಟಗಳು ವನ್ಯಜೀವಿಧಾಮವಾದುವು. ಸೋಲಿಗರ ಕುಮರಿ ಬೇಸಾಯ ನಿಂತಿತು, ಪೋಡುಗಳು ರಸ್ತೆಯ ಬದಿಗೆ ಬಂದುವು. ಜೊತೆಗೆ ನಿಂತದ್ದು ತರಗು ಬೆಂಕಿ. ಬೇಸಗೆ ಬಲಿಯುವ ಮುನ್ನ ಒಣಗಿದ ತರಗೆಲೆಗೆ ಹಚ್ಚುತ್ತಿದ್ದ ಈ ಬೆಂಕಿ ಮೊಣಕಾಲೆತ್ತರವನ್ನೂ ಮೀರದೆ ನೆಲವನ್ನು ಸವರಿಕೊಂಡು ಹೋಗುತ್ತಿತ್ತಂತೆ. ಕಾಡಿಗೆ ಬೆಂಕಿಯಿಡುವುದೆಂದರೆ ಓದಿದವರಿಗೆ ಎದೆ ಝಲ್ಲೆನ್ನುತ್ತದೆ; ನನಗೂ ಹಾಗೆಯೇ ಆಯಿತು. ಆದರೆ ಆ ಸಣ್ಣ ಬೆಂಕಿ ಲಂಟಾನದ ಪೊದೆಗಳನ್ನೂ, ನೆಲ್ಲಿಯ ಮರಗಳಿಗೆ ಹತ್ತುವ ಬಂದಳಿಕೆಯನ್ನೂ ಹತೋಟಿಯಲ್ಲಿಟ್ಟಿತ್ತೆಂದು ಸೋಲಿಗರು ಹೇಳುತ್ತ ಬಂದರು. ಯಾರೂ ಕಿವಿಗೊಡಲಿಲ್ಲ. ಮುಂದೆ ಅಶೋಕ ಪರಿಸರ ಸಂಶೋಧನಾ ಸಂಸ್ಥೆ, ಅಂದರೆ ಏಟ್ರೀ, ಇದರ ವಿಜ್ಞಾನಿಗಳು ಇದೇ ಕಾಡಿನಲ್ಲಿ ಅಳತೆ ಮಾಡಿ ನೋಡಿದಾಗ, 1997ರಿಂದ 2008ರವರೆಗಿನ ಹನ್ನೊಂದು ವರ್ಷಗಳಲ್ಲಿ ಲಂಟಾನದ ಹರಹು ಸುಮಾರು ಎರಡು ಪಟ್ಟಾಗಿತ್ತು. ಹುಲ್ಲು ಹೋದಲ್ಲಿ ಜಿಂಕೆಗೆ ಮೇವೆಲ್ಲಿ? ಅಕ್ಷರವಿಲ್ಲದವರ ತಿಳಿವಳಿಕೆಯನ್ನು ಅಕ್ಷರಸ್ಥರು ಒಪ್ಪುವ ಹೊತ್ತಿಗೆ ಕಾಡಿನೊಳಗೆ ಕಾಲಿಡಲು ದಾರಿಯೇ ಇರಲಿಲ್ಲ.

ಇಲ್ಲಿ ಸೇವಾಸಂಸ್ಥೆಗಳ ವಿಚಾರ ಬರುತ್ತದೆ. ಅವುಗಳನ್ನು ಹಗುರವಾಗಿ ಮಾತನಾಡುವ ಉದ್ದೇಶ ನನಗಿಲ್ಲ. ಡಾಕ್ಟರ್ ಎಚ್. ಸುದರ್ಶನರು ಈ ಬೆಟ್ಟಕ್ಕೆ ಬಂದು 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸದೆ ಇದ್ದಿದ್ದರೆ ಆಸ್ಪತ್ರೆಯೂ ಶಾಲೆಯೂ ಇಲ್ಲಿಯ ಮಕ್ಕಳಿಗೆ ಎಂದು ದಕ್ಕುತ್ತಿದ್ದುವೋ! ನೆಲ್ಲಿ, ಜೇನು, ಸೀಗೆ ಮೊದಲಾದ ಕಿರು ಉತ್ಪನ್ನಗಳನ್ನು ಸಹಕಾರ ಸಂಘದ ಮೂಲಕ ಮಾರಿ ಸೋಲಿಗರು ನಾಲ್ಕು ಕಾಸು ಕಂಡರು. 2006ರಲ್ಲಿ ಆ ಸಂಗ್ರಹಣೆಯನ್ನೂ ನಿಷೇಧಿಸಿದಾಗ ಒಲೆ ಹೊತ್ತಿಸಲು ಕೂಲಿಗೆ ಕೊಡಗಿನ ಕಾಫಿ ತೋಟದ ಕಡೆಗೆ ಹೊರಟ ಮನೆಗಳು ಎಷ್ಟೋ.

ಅದೇ 2006ರಲ್ಲಿ ಪಾರ್ಲಿಮೆಂಟು ಅರಣ್ಯ ಹಕ್ಕುಗಳ ಕಾಯಿದೆಯನ್ನು ಅಂಗೀಕರಿಸಿತು. ಗಮನಿಸಬೇಕಾದುದು ಇದರ ಒಂದು ಪದವನ್ನು. ಕಾಯಿದೆಯು ಹಕ್ಕನ್ನು "ಕೊಡುವುದು" ಎನ್ನುವುದಿಲ್ಲ, "ಮಾನ್ಯ ಮಾಡುವುದು" ಎನ್ನುತ್ತದೆ. ಕಾಡಿನವರಿಗೆ ಚಾರಿತ್ರಿಕ ಅನ್ಯಾಯವಾಗಿದೆಯೆಂದು ತನ್ನ ಪೀಠಿಕೆಯಲ್ಲಿಯೇ ಒಪ್ಪಿಕೊಳ್ಳುತ್ತದೆ. ಹಾಗಾದರೆ ಇದು ಭಿಕ್ಷೆಯಲ್ಲ. ತಮ್ಮ ಸಮುದಾಯದ ಕಾಡನ್ನು ಕಾಯುವ, ಬಳಸುವ, ನಿರ್ವಹಿಸುವ ಅಧಿಕಾರ ಗ್ರಾಮಸಭೆಯದು. ಪೋಡಿನ ಸಭೆಗಳು ಒಂದೊಂದಾಗಿ ಸೇರಿ ಅರ್ಜಿ ಬರೆದುವು. ಸೋಲಿಗ ಯುವಕರೂ ಏಟ್ರೀಯವರೂ ಒಟ್ಟಾಗಿ ನಡೆದು ಅಜ್ಜಂದಿರು ತೋರಿಸಿದ ನೂರಾರು ಪವಿತ್ರ ಸ್ಥಳಗಳನ್ನು ನಕ್ಷೆಯ ಮೇಲೆ ಗುರುತಿಸಿದರು. 2011ರ ಆರಂಭದಲ್ಲಿ ಈ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷದಲ್ಲಿ 25 ಗ್ರಾಮಸಭೆಗಳ ಸಾಮುದಾಯಿಕ ಹಕ್ಕುಗಳೂ ಮಾನ್ಯವಾದುವು. ಹುಲಿಕಾಡಿನ ಒಳಗೆ ಇಂಥ ಹಕ್ಕು ಮಾನ್ಯವಾದುದು ದೇಶದಲ್ಲಿ ಇದೇ ಮೊದಲು.

ಆ ನಕ್ಷೆಯ ಕೆಲಸವನ್ನು ನಾನು ಸೇವೆಯೆನ್ನುತ್ತೇನೆ. ಹೆಸರು ಹೇಳಿದವರು ಅಜ್ಜಂದಿರು, ಯಂತ್ರ ಹಿಡಿದವರು ಸಂಸ್ಥೆಯವರು, ಅರ್ಜಿಗೆ ಹೆಬ್ಬೆಟ್ಟನ್ನೊತ್ತಿದವರು ಪೋಡಿನವರು. ಆದರೆ ಎಲ್ಲೆಡೆಯೂ ಹೀಗೆ ನಡೆಯುತ್ತದೆಯೆ? ಊರಿನ ಸಭೆಗೆ ಬದಲಾಗಿ ತಾವೇ ಮಾತನಾಡುವ, ಜಮಖಾನ ಹಾಸಿ ಗಿರಿಜನರನ್ನು ಕೂರಿಸಿ ಛಾಯಾಚಿತ್ರ ತೆಗೆಸಿಕೊಂಡು ವರದಿ ಕಳುಹಿಸುವ ಸಂಸ್ಥೆಗಳೂ ಉಂಟು. ಬಂದಳಿಕೆಯೂ ನೋಡುವುದಕ್ಕೆ ಹಸುರಾಗಿಯೇ ಇರುತ್ತದೆ. ದೂರದಿಂದ ನೋಡಿದವರು ನೆಲ್ಲಿಯ ಮರವೇ ಚಿಗುರಿದೆಯೆನ್ನುತ್ತಾರೆ.

ಈ ವಿಷಯದಲ್ಲಿ ನೆರೆಯ ಮಹಾರಾಷ್ಟ್ರದಿಂದ ಒಂದು ಪಾಠವುಂಟು. ಗಡಚಿರೋಲಿ ಜಿಲ್ಲೆಯ ಮೇಂಢಾ-ಲೇಖಾ ಎಂಬ ಗೊಂಡರ ಹಳ್ಳಿ 2009ರಲ್ಲಿಯೇ ತನ್ನ ಕಾಡಿನ ಹಕ್ಕುಪತ್ರ ಪಡೆದು, 2011ರಿಂದ ತನ್ನ ಬಿದಿರನ್ನು ತಾನೇ ಮಾರಲು ತೊಡಗಿತು. ಅಲ್ಲಿ ಅಭ್ಯಾಸ ಮಂಡಲಿ ಬೇರೆ, ಗ್ರಾಮಸಭೆ ಬೇರೆ. ಹೊರಗಿನ ಬಲ್ಲವರನ್ನು ಮಂಡಲಿಗೆ ಕರೆದು ತಿಳಿದದ್ದನ್ನು ಹೇಳಿಸುತ್ತಾರೆ, ವಾದಿಸುತ್ತಾರೆ. ತೀರ್ಮಾನವೋ, ಸಭೆಯಲ್ಲಿ ಊರಿನವರೆಲ್ಲರೂ ಒಪ್ಪಿದರೆ ಮಾತ್ರ. ಬಲ್ಲವನಿಗೆ ಚಾಪೆಯುಂಟು, ಮತವಿಲ್ಲ.

"ಇಂದಿನ ಸೋಲಿಗ ಹುಡುಗರಿಗೆ ಮೊಬೈಲು ಬೇಕು, ನೌಕರಿ ಬೇಕು, ಅವರು ಕಾಡು ಕಾಯುವರೆ?" ಎಂದು ನನ್ನ ಭಾಷಣದಲ್ಲಿ ಒಂದು ಚುಚ್ಚು ಮಾತಿತ್ತು; ಬಹಳ ಮಂದಿ ನಕ್ಕಿದ್ದರು. ಮೊಬೈಲು ನನಗೂ ಬೇಕು. ಅದನ್ನು ಇಟ್ಟುಕೊಂಡುದಕ್ಕಾಗಿ ನನ್ನ ತಂದೆಯ ಎರಡೆಕರೆ ಹೊಲದ ಪಹಣಿಯನ್ನು ಯಾರೂ ರದ್ದು ಮಾಡಿಲ್ಲ. ಹಕ್ಕು ಸಿಕ್ಕಿದ ಮಾತ್ರಕ್ಕೆ ಎಲ್ಲ ಪೋಡುಗಳೂ ಕಾಡನ್ನು ಚೆನ್ನಾಗಿ ನೋಡಿಕೊಳ್ಳುತ್ತವೆಯೆಂದು ನಾನು ಪ್ರಮಾಣ ಮಾಡಲಾರೆ. 2010ರಿಂದ 2014ರೊಳಗೆ ಇಲ್ಲಿಯ ಹುಲಿಗಳು 35ರಿಂದ 68ಕ್ಕೆ ಏರಿದುವೆಂದು ಪತ್ರಿಕೆಗಳಲ್ಲಿ ಬಂದಿತು. ಅದೆಲ್ಲವೂ ಸೋಲಿಗರಿಂದಲೇ ಎನ್ನುವುದೂ ಅತಿಶಯವೇ. ಜನರು ಒಳಗಿದ್ದರೆ ಹುಲಿ ಉಳಿಯದೆಂಬ ನನ್ನ ವಾದಕ್ಕಂತೂ ಆ ಲೆಕ್ಕದಲ್ಲಿ ಆಧಾರ ಸಿಗಲಿಲ್ಲ.

ಮುಂದಿನ ತಿಂಗಳು ನಮ್ಮ ಸೇವಾ ಘಟಕದವರು ಬೆಟ್ಟದಲ್ಲಿ ಶಿಬಿರ ಹೂಡುವವರಿದ್ದಾರೆ. ಕಾರ್ಯಕ್ರಮ ಪಟ್ಟಿಯ ಮೊದಲನೆಯ ಬಾಬು "ಗಿರಿಜನರಿಗೆ ಪರಿಸರ ಜಾಗೃತಿ ಉಪನ್ಯಾಸ" ಎಂದಿದೆ. ಅದನ್ನು ಕೈಬಿಡಬೇಕೆಂದು ನಾನು ಲಿಖಿತವಾಗಿ ಕೇಳಿಕೊಂಡಿದ್ದೇನೆ. ಏನು ಬೇಕೆಂದು ಮಿತ್ರನ ಮೂಲಕ ಪೋಡಿನ ಸಭೆಯನ್ನು ಕೇಳಿದ್ದಾಯಿತು. ಲಂಟಾನ ಕೀಳುವುದಕ್ಕೆ ಇಪ್ಪತ್ತು ಆಳು, ಎರಡು ದಿನ. ಸಭೆಯ ನಡವಳಿಯನ್ನು ನಾಲ್ಕು ಪ್ರತಿ ಶುದ್ಧವಾಗಿ ಬರೆದುಕೊಡಲು ಕೈಬರಹ ಚೆನ್ನಾಗಿರುವ ಒಬ್ಬರು. ನನ್ನ ಕೈಬರಹ ಅಷ್ಟಕ್ಕಷ್ಟೆ. ಗುದ್ದಲಿ ಹಿಡಿಯುವವರ ಪಟ್ಟಿಯಲ್ಲಿ ಹೆಸರು ಕೊಟ್ಟಿದ್ದೇನೆ.